ಮಂಡಿಯ ಕೆಳಗೆ ಗಿಡ, ತಲೆಯ ಮೇಲೆ ಮರ

"ದಿನಕ್ಕೆ ಅರ್ಧ ಗಂಟೆ ನಡೆಯಿರಿ" ಎಂಬ ಸಲಹೆ ಕೇಳದ ಮನೆ ಇಂದು ಇಲ್ಲ. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಬೊಜ್ಜು, ಮಂಡಿನೋವು, ನಿದ್ರಾಹೀನತೆ, ಹೀಗೆ ಯಾವ ತೊಂದರೆ ಹೇಳಿಕೊಂಡು ಹೋದರೂ ವೈದ್ಯರ ಮಾತು ಕೊನೆಗೆ ನಡಿಗೆಗೇ ಬಂದು ನಿಲ್ಲುತ್ತದೆ. ಸಲಹೆ ಸುಲಭವಾದದ್ದು, ಖರ್ಚಿಲ್ಲದ್ದು. ಆದರೆ ನಡೆಯುವುದು ಎಲ್ಲಿ?

ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರು, ಸ್ಕೂಟರುಗಳ ಕಾಟ. ಹಾಗಾಗಿ ಉಳಿಯುವುದು ಬಡಾವಣೆಯ ಉದ್ಯಾನ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಪಟ್ಟಣಗಳ ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟಗಳಿದ್ದ ಕಡೆ ಈಗ ಬಡಾವಣೆಗಳು ಎದ್ದಿವೆ. ಅವುಗಳ ನಕ್ಷೆಯಲ್ಲಿ ಉದ್ಯಾನಕ್ಕೆಂದು ಜಾಗ ಬಿಟ್ಟಿರುತ್ತಾರೆ. ಕೆಲವು ಕಡೆ ಅದಕ್ಕೆ ಕಾಂಪೌಂಡು, ನಡೆಯುವ ದಾರಿ, ಸಿಮೆಂಟಿನ ಬೆಂಚು, ಗಿಡಮರ ಎಲ್ಲವೂ ಬಂದಿವೆ. ಬೆಳಗ್ಗೆ ಅಲ್ಲಿ ಜನರಿರುತ್ತಾರೆ. ಸಂಜೆ ಬೆಳಕು ಇಳಿದಂತೆ ಮೊದಲು ಹೆಂಗಸರು, ಅವರ ಹಿಂದೆಯೇ ಮಕ್ಕಳು, ಆಮೇಲೆ ವಯಸ್ಸಾದವರು ಎದ್ದು ಹೋಗುತ್ತಾರೆ. ಕೇಳಿದರೆ "ಯಾಕೋ ಆ ಮೂಲೆಗೆ ಹೋದರೆ ಒಂಥರಾ ಆಗುತ್ತೆ ಕಣ್ರೀ" ಎನ್ನುತ್ತಾರೆ. ಅಲ್ಲಿ ಹಿಂದೆ ಏನಾದರೂ ನಡೆದಿದೆಯೇ ಎಂದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಈ "ಒಂಥರಾ" ಎಂಬುದನ್ನು ಪುಕ್ಕಲುತನವೆಂದು ತಳ್ಳಿಹಾಕುವಂತಿಲ್ಲ. ಅದರ ಕಾರಣ ಬಹುಮಟ್ಟಿಗೆ ಕಣ್ಣೆದುರಿಗೇ ಇರುತ್ತದೆ. ದಾರಿ ತಿರುಗುವಲ್ಲಿ ಆಳೆತ್ತರಕ್ಕೆ ಬೆಳೆದ ಬೇಲಿ ಇರುತ್ತದೆ, ಬೆಂಚಿನ ಬೆನ್ನಿಗೆ ಒತ್ತಿಕೊಂಡ ಪೊದೆ ಇರುತ್ತದೆ, ದೀಪವನ್ನು ಮುಚ್ಚಿದ ಕೊಂಬೆ ಇರುತ್ತದೆ. ಯಾವ ಗಿಡವನ್ನು ಎಲ್ಲಿ ನೆಡುತ್ತೇವೆ, ಎಷ್ಟು ಎತ್ತರಕ್ಕೆ ಬಿಡುತ್ತೇವೆ ಎಂಬುದರ ಮೇಲೆ ಆ ಉದ್ಯಾನಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ನಿಂತಿದೆ. ಆದ್ದರಿಂದ ಇದು ತೋಟಗಾರಿಕೆಯ ವಿಷಯವಾಗಿರುವಂತೆಯೇ ಆರೋಗ್ಯದ ವಿಷಯವೂ ಹೌದು.

ನಡೆಯದಿರಲು ಸೋಮಾರಿತನವೇ ಕಾರಣವೆ?

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆಯಲ್ಲಿ ತೊಡಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಈ ಮಟ್ಟವನ್ನು ಮುಟ್ಟಿರಲಿಲ್ಲ. ಗಂಡಸರಲ್ಲಿ ಇದು ಶೇಕಡ 42ರಷ್ಟಿದ್ದರೆ ಹೆಂಗಸರಲ್ಲಿ ಶೇಕಡ 57ರಷ್ಟಿತ್ತು.

ಈ ವ್ಯತ್ಯಾಸವೇಕೆ? ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಿಮ್ಮ ಮನೆಯಲ್ಲೇ ಗಮನಿಸಬಹುದು. ಬೆಳಗ್ಗೆ ಐದೂವರೆಗೆ ಎದ್ದು ಗಂಡ ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿ ಬರಬಲ್ಲ. ಹೆಂಡತಿಗೆ ಅದು ತಿಂಡಿ ಮಾಡುವ, ನೀರು ಹಿಡಿಯುವ, ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ ಬರುವ ಹೆಣ್ಣುಮಕ್ಕಳಿಗೆ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಿಂದ ಮರಳುವವರಿಗೆ ಬಿಡುವು ಸಿಗುವುದು ಸಂಜೆಯೇ. ನಮ್ಮ ಕಡೆ ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲರ ನಂತರ. ನವೆಂಬರ್ ಕೊನೆಯಲ್ಲಿ ಆರು ಗಂಟೆಗೆ ಮುಂಚೆಯೇ ಮುಳುಗಿರುತ್ತದೆ. ಅಲ್ಲಿಗೆ ಚಳಿಗಾಲದಲ್ಲಿ ಅವರ ಬಿಡುವಿನ ವೇಳೆಯೂ ಉದ್ಯಾನದ ಕತ್ತಲೆಯೂ ಒಟ್ಟಿಗೇ ಬರುತ್ತವೆ. ಆಗ ಉದ್ಯಾನ ಭಯ ಹುಟ್ಟಿಸುವಂತಿದ್ದರೆ ಆಕೆಯ ಪಾಲಿಗೆ ಉದ್ಯಾನ ಇದ್ದೂ ಇಲ್ಲದಂತೆ.

ಭಯವಾದಾಗ ದೇಹದಲ್ಲಿ ಏನಾಗುತ್ತದೆ?

ಮೆದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಒಂದು ಪುಟ್ಟ ಅಂಗವಿದೆ. ಅದಕ್ಕೆ ಅಮಿಗ್ಡಲ ಎಂದು ಹೆಸರು. ಅಪಾಯವನ್ನು ಗುರುತಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ನಾವು ಯೋಚಿಸಿ ತೀರ್ಮಾನಕ್ಕೆ ಬರುವ ಮುಂಚೆಯೇ ಅದು ಎಚ್ಚರಿಕೆ ಕೊಟ್ಟುಬಿಡುತ್ತದೆ. ಪೊದೆಯಲ್ಲಿ ಎಲೆ ಸರಕ್ಕೆಂದರೆ ನೀವು ಬೆಚ್ಚಿಬೀಳುವುದು ಮೊದಲು, "ಓಹೋ, ಓತಿಕ್ಯಾತ" ಎಂದು ತಿಳಿಯುವುದು ಆಮೇಲೆ.

ಎಚ್ಚರಿಕೆ ಸಿಕ್ಕ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಕುತ್ತಿಗೆ ಹೆಗಲುಗಳ ಮಾಂಸಖಂಡ ಬಿಗಿಯುತ್ತವೆ. ಓಡಲು ಅಥವಾ ಎದುರಿಸಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಒಮ್ಮೆ ಹೀಗಾದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಆದರೆ ನಡಿಗೆಯಿಂದ ಎರಡು ಲಾಭಗಳಿವೆ: ಒಂದು ದೇಹದ ದಣಿವು, ಇನ್ನೊಂದು ಮನಸ್ಸಿನ ವಿಶ್ರಾಂತಿ. ಹಿಂದೆ ಮುಂದೆ ನೋಡಿಕೊಂಡು, ಕಿವಿ ನಿಮಿರಿಸಿಕೊಂಡು ನಡೆಯುವವರಿಗೆ ಎರಡನೆಯದು ದಕ್ಕುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಅವರು ಮರುದಿನ ಬರುವುದೇ ಇಲ್ಲ.

ಹಸಿರು ಮನಸ್ಸಿಗೆ ಹಿತ ಎಂಬುದು ಬರಿಯ ಮಾತಲ್ಲ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ಬಳಸಿದರು. ಹಾಗಾದರೆ ಆಸ್ಪತ್ರೆಯ ಕಿಟಕಿಯಲ್ಲಿ ಹಿತವೆನಿಸಿದ ಹಸಿರು ಉದ್ಯಾನದ ತಿರುವಿನಲ್ಲಿ ಭಯ ಹುಟ್ಟಿಸುವುದೇಕೆ?

ಮನಸ್ಸು ಕೇಳುವ ಮೂರು ಪ್ರಶ್ನೆಗಳು

ಇಂಗ್ಲೆಂಡಿನ ಭೂಗೋಳ ವಿದ್ವಾಂಸ ಜೇ ಆಪಲ್‌ಟನ್ 1975ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಮನುಷ್ಯನಿಗೆ ಇಷ್ಟವಾಗುವ ಜಾಗದಲ್ಲಿ ಎರಡು ಗುಣಗಳಿರುತ್ತವೆ: ಸುತ್ತಲಿನದು ಚೆನ್ನಾಗಿ ಕಾಣಬೇಕು, ತನಗೆ ಮರೆಯೂ ಇರಬೇಕು. ಆದರೆ ಈ ಮರೆ ಎಂಬುದು ಎರಡು ಅಲಗಿನ ಕತ್ತಿ. ಅದು ನಮ್ಮ ಬೆನ್ನಿಗಿದ್ದರೆ ಆಸರೆ. ನಾವು ಹೋಗುವ ದಾರಿಯಲ್ಲಿದ್ದರೆ, ಅಲ್ಲಿ ಇನ್ನೊಬ್ಬರು ಅಡಗಿರಬಹುದು.

1992ರಲ್ಲಿ ಅಮೆರಿಕದ ಬಾನಿ ಫಿಶರ್ ಮತ್ತು ಜ್ಯಾಕ್ ನೇಸರ್ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಆವರಣದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮುಂದಿನದು ಕಾಣದ, ಅಡಗಲು ಅನುಕೂಲವಿರುವ, ತಪ್ಪಿಸಿಕೊಳ್ಳಲು ದಾರಿ ಇಲ್ಲದ ಸ್ಥಳಗಳಲ್ಲೇ ಜನರಿಗೆ ಹೆಚ್ಚು ಭಯವೆನಿಸುತ್ತಿತ್ತು. ನಾವು ಯಾವುದೇ ಜಾಗಕ್ಕೆ ಕಾಲಿಟ್ಟಾಗ ಮನಸ್ಸು ತನಗೆ ತಾನೇ ಕೇಳಿಕೊಳ್ಳುವ ಮೂರು ಪ್ರಶ್ನೆಗಳು ಇವೇ: ಮುಂದೆ ಏನಿದೆ ಎಂದು ಕಾಣುತ್ತಿದೆಯೆ? ಯಾರಾದರೂ ಅಡಗಿ ನಿಲ್ಲಲು ಜಾಗವಿದೆಯೆ? ಏನಾದರೂ ಆದರೆ ಹೊರಗೆ ಹೋಗಲು ದಾರಿಯಿದೆಯೆ? ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಹಸಿರು ಹಿತವಾಗುತ್ತದೆ. ಸಿಗದಿದ್ದರೆ ಅದೇ ಹಸಿರು "ಒಂಥರಾ" ಆಗುತ್ತದೆ.

ಅರಳಿಕಟ್ಟೆಯ ಪಾಠ

ಈ ತತ್ವ ತಿಳಿಯಲು ನಾವು ಓಹಾಯೋಗೆ ಹೋಗಬೇಕಾಗಿಲ್ಲ. ನಮ್ಮ ಊರಿನ ಅರಳಿಕಟ್ಟೆಯನ್ನೇ ನೋಡಿ. ನೆಲದಿಂದ ಮೂರು ಅಡಿ ಎತ್ತರದ ಕಲ್ಲುಕಟ್ಟೆ. ಬೆನ್ನಿಗೆ ದಪ್ಪ ಕಾಂಡ. ತಲೆಯ ಮೇಲೆ ದೂರದಲ್ಲಿ ಕೊಂಬೆಗಳ ಚಪ್ಪರ. ಕಣ್ಣಿನ ಎತ್ತರದಲ್ಲಿ ಅಡ್ಡವಾಗಿ ಏನೂ ಇಲ್ಲ. ಕಟ್ಟೆಯ ಮೇಲೆ ಕುಳಿತವರಿಗೆ ಊರಿಗೆ ಬರುವ ದಾರಿ, ಹೋಗುವ ದಾರಿ ಎರಡೂ ಕಾಣುತ್ತವೆ. ದಾರಿಯಲ್ಲಿ ಹೋಗುವವರಿಗೆ ಕಟ್ಟೆಯ ಮೇಲೆ ಯಾರಿದ್ದಾರೆಂದು ಕಾಣುತ್ತದೆ. ಎದ್ದು ಹೋಗಬೇಕೆಂದರೆ ನಾಲ್ಕೂ ದಿಕ್ಕು ತೆರೆದಿದೆ. ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತು.

ಗುಂಡುತೋಪುಗಳೂ ಹೀಗೆಯೇ ಇದ್ದವು. ಕಂದಾಯ ದಾಖಲೆಗಳಲ್ಲಿ ಇಂದಿಗೂ ಆ ಹೆಸರು ಕಾಣುವ ಈ ಊರೊಟ್ಟಿನ ತೋಪುಗಳಲ್ಲಿ ಮಾವು, ಹುಣಸೆ, ನೇರಳೆ, ಹೊಂಗೆ ಮರಗಳಿರುತ್ತಿದ್ದವು. ದನಕರು, ಆಡುಕುರಿಗಳು ಅಲ್ಲಿ ಮೇಯುತ್ತಿದ್ದವು. ಹೆಂಗಸರು ತರಗು, ಪುರಳೆ ಆರಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ಮರಗಳ ಬುಡದಲ್ಲಿ ಪೊದೆ ಏಳುತ್ತಿರಲಿಲ್ಲ. ತೋಪಿನ ಈ ತುದಿಯಲ್ಲಿ ನಿಂತರೆ ಕಾಂಡಗಳ ನಡುವಿನಿಂದ ಆ ತುದಿ ಕಾಣುತ್ತಿತ್ತು. ಜನ ಬಳಸುತ್ತಿದ್ದುದರಿಂದ ಅದು ತೆರವಾಗಿರುತ್ತಿತ್ತು, ತೆರವಾಗಿದ್ದುದರಿಂದ ಜನ ಬಳಸುತ್ತಿದ್ದರು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ನಮ್ಮ ಜಿಲ್ಲೆಯ ಹೆಮ್ಮೆ. 54 ಎಕರೆಯ ಈ ತೋಪನ್ನು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು.

ಹುಣಸೆ ಮರದಲ್ಲಿ ದೆವ್ವವಿದೆ ಎಂದು ಹೆದರಿಸುವುದುಂಟಲ್ಲ ಎಂದು ನೀವು ಕೇಳಬಹುದು. ಆ ನಂಬಿಕೆಯ ಹಿಂದೆಯೂ ನಮ್ಮ ವಿಷಯವೇ ಅಡಗಿರಬಹುದು. ಹುಣಸೆಯ ನೆರಳು ಗಾಢವಾದದ್ದು, ರಾತ್ರಿ ಅದರ ಕೆಳಗೆ ಏನೂ ಕಾಣದು. ಕಾಣದ ಕಡೆಯಲ್ಲಿ ಮನಸ್ಸು ತಾನೇ ಏನನ್ನಾದರೂ ಕಲ್ಪಿಸಿಕೊಳ್ಳುತ್ತದೆ. ಹಗಲು ತಂಪಾದ ತೋಪೇ ಕತ್ತಲಾದ ಮೇಲೆ ಬೇರೆಯಾಗುತ್ತದೆ.

ಬಡಾವಣೆಯ ಉದ್ಯಾನ ಎಡವಿದ್ದೆಲ್ಲಿ?

ಈಗ ಹೊಸ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ಉದ್ಯಾನಕ್ಕೆ ಬನ್ನಿ. ಸುತ್ತ ಕಾಂಪೌಂಡು, ಒಂದೇ ಗೇಟು. ಕಾಂಪೌಂಡಿನ ಒಳಗೆ ಅದರ ಉದ್ದಕ್ಕೂ ನಡೆಯುವ ದಾರಿ. ದಾರಿಯ ಪಕ್ಕದಲ್ಲಿ ಡುರಾಂಟ ಬೇಲಿ. ನೆಟ್ಟ ವರ್ಷ ಅದು ಮಂಡಿಯೆತ್ತರ ಇದ್ದು ಅಂದವಾಗಿ ಕಾಣುತ್ತದೆ. ಕತ್ತರಿ ಆಡಿಸುವವರಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಅದು ಆಳೆತ್ತರದ ಗೋಡೆ. ಕಾಂಪೌಂಡಿಗೆ ಒತ್ತಿಕೊಂಡು, ನಾವು ಅಶೋಕ ಎಂದು ಕರೆಯುವ, ಕಂಬದಂತೆ ನೆಟ್ಟಗೆ ಬೆಳೆದು ಕೊಂಬೆಗಳನ್ನು ನೆಲದವರೆಗೆ ಇಳಿಬಿಡುವ ಮರಗಳ ಸಾಲು. ಅಲ್ಲಿಗೆ ನಡೆಯುವವರ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬೇಲಿ. ಎದುರು ಮನೆಯ ಜಗುಲಿಯಿಂದ ನೋಡುವವರಿಗೆ ಒಳಗಿರುವವರು ಕಾಣುವುದಿಲ್ಲ, ಒಳಗಿರುವವರಿಗೆ ಆ ಮನೆಯೂ ಕಾಣುವುದಿಲ್ಲ. ಹಿಂದಿನ ಮೂಲೆಯಲ್ಲಿ ಲಂಟಾನ, ಪಾರ್ಥೇನಿಯಂ ತಾವಾಗಿಯೇ ಬೆಳೆದುಕೊಂಡಿರುತ್ತವೆ. ಅಲ್ಲಿ ಖಾಲಿ ಬಾಟಲಿಗಳು ಬಿದ್ದಿರುತ್ತವೆ.

ಗಿಡ ನೆಟ್ಟವರ ಉದ್ದೇಶ ಒಳ್ಳೆಯದೇ. ಧೂಳು ತಡೆಯಲಿ, ಹಸಿರಾಗಿರಲಿ ಎಂದೇ ನೆಟ್ಟಿದ್ದಾರೆ. ಆದರೆ ಗಿಡ ಬೆಳೆದ ಮೇಲೆ ಹೇಗಿರುತ್ತದೆ ಎಂಬ ಲೆಕ್ಕ ಹಾಕಿಲ್ಲ.

ಮಂಡಿ ಮತ್ತು ತಲೆಯ ಲೆಕ್ಕ

ಈ ಲೆಕ್ಕ ಬಹಳ ಹಳೆಯದು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1285ರಲ್ಲಿ ಹೊರಡಿಸಿದ ವಿಂಚೆಸ್ಟರ್ ಶಾಸನದಲ್ಲಿ ಒಂದು ಕುತೂಹಲಕರ ಕಟ್ಟಳೆಯಿದೆ. ಸಂತೆಯಿಂದ ಸಂತೆಗೆ ಹೋಗುವ ಹೆದ್ದಾರಿಗಳ ಎರಡೂ ಬದಿಯಲ್ಲಿ 200 ಅಡಿಯವರೆಗೆ ಕಳ್ಳರು ಅಡಗಬಹುದಾದ ಪೊದೆ, ಹಳ್ಳ ಇರಕೂಡದು. ಆದರೆ ಓಕ್ ಮರಗಳಿಗೂ ಇತರ ದೊಡ್ಡ ಮರಗಳಿಗೂ ಇದು ಅನ್ವಯಿಸದು, ಅವುಗಳ ಬುಡ ಮಾತ್ರ ತೆರವಾಗಿರಬೇಕು. ಏಳು ಶತಮಾನಗಳ ಹಿಂದೆಯೇ ಅವರು ಮರವನ್ನೂ ಪೊದೆಯನ್ನೂ ಬೇರೆ ಬೇರೆಯಾಗಿ ನೋಡಿದ್ದರು.

ಇಂದಿನ ಉದ್ಯಾನ ತಜ್ಞರು ಹೇಳುವುದೂ ಇದನ್ನೇ. ನಡೆಯುವ ದಾರಿಯ ಬಳಿ ಪೊದೆಗಿಡಗಳು ಎರಡು ಅಡಿ ಮೀರಬಾರದು, ಮರದ ಕೆಳಗಿನ ಕೊಂಬೆಗಳು ಏಳು ಅಡಿಗಿಂತ ಮೇಲಿರಬೇಕು. ನೆನಪಿಡಲು ಸುಲಭವಾಗಿ ಹೇಳುವುದಾದರೆ, ಗಿಡ ಮಂಡಿಯ ಕೆಳಗೆ, ಮರ ತಲೆಯ ಮೇಲೆ. ನಡುವಿನ ಐದು ಅಡಿ ಕಣ್ಣಿಗೆ ಮೀಸಲು. ಬೆಂಚಿನ ಮೇಲೆ ಕುಳಿತ ಅಜ್ಜಿಯ ಕಣ್ಣು, ನಡೆಯುವವರ ಕಣ್ಣು ಎರಡೂ ಈ ಐದು ಅಡಿಯ ಕಿಟಕಿಯಲ್ಲಿ ಬರುತ್ತವೆ. ಮೂರಡಿ ಎತ್ತರದ ಮಗು ಎಲ್ಲಿ ಆಡುತ್ತಿದೆ ಎಂದು ತಾಯಿಗೆ ಕಾಣಬೇಕಾದರೂ ಇದೇ ಕಿಟಕಿ ತೆರೆದಿರಬೇಕು.

ಪೊದೆಯನ್ನೆಲ್ಲ ಕಡಿದುಹಾಕಬೇಕೆ?

ಇಷ್ಟು ಓದಿದ ಕೂಡಲೇ ಜೆಸಿಬಿ ತರಿಸಿ ಎಲ್ಲವನ್ನೂ ಬಳಿದುಹಾಕುವ ಉತ್ಸಾಹ ಯಾರಿಗೂ ಬೇಡ. ಬೋಳು ಮೈದಾನದಲ್ಲಿ ಬಿಸಿಲಿನ ಝಳಕ್ಕೆ ಯಾರೂ ಬರುವುದಿಲ್ಲ. ಜನರಿಲ್ಲದ ಜಾಗ ಎಷ್ಟು ತೆರೆದಿದ್ದರೂ ಧೈರ್ಯ ಕೊಡುವುದಿಲ್ಲ.

ಅಮೆರಿಕದ ಷಿಕಾಗೊ ನಗರದ ಬಡವರ ವಸತಿ ಸಮುಚ್ಚಯವೊಂದರಲ್ಲಿ ಫ್ರಾನ್ಸಿಸ್ ಕುವೊ ಮತ್ತು ವಿಲಿಯಂ ಸಲಿವನ್ 98 ಕಟ್ಟಡಗಳ ಸುತ್ತಲಿನ ಹಸಿರನ್ನೂ ಪೊಲೀಸ್ ದಾಖಲೆಗಳನ್ನೂ ಹೋಲಿಸಿ ನೋಡಿದರು. 2001ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಹಲವರ ನಿರೀಕ್ಷೆಗೆ ವಿರುದ್ಧವಾಗಿತ್ತು. ಹಸಿರು ಹೆಚ್ಚಿದ್ದ ಕಟ್ಟಡಗಳ ಸುತ್ತ ಹಸಿರು ಕಡಿಮೆಯಿದ್ದ ಕಡೆಗಿಂತ ಅಪರಾಧಗಳು ಶೇಕಡ 52ರಷ್ಟು ಕಡಿಮೆ ಇದ್ದವು. ಅಲ್ಲಿದ್ದ ಹಸಿರು ಎಂಥದ್ದು ಎಂಬುದನ್ನು ಗಮನಿಸಬೇಕು. ಅದು ಎತ್ತರದ ಮರ ಮತ್ತು ಹುಲ್ಲು, ನೋಟಕ್ಕೆ ಅಡ್ಡ ಬರುವಂಥದ್ದಲ್ಲ. ಹಸಿರೊಂದರಿಂದಲೇ ಅಪರಾಧ ತಗ್ಗಿತು ಎಂದು ಇಂಥ ಹೋಲಿಕೆಯಿಂದ ಖಚಿತವಾಗಿ ಹೇಳಲಾಗದು. ಆದರೂ ನೆರಳಿದ್ದಲ್ಲಿ ಜನ ಹೊರಗೆ ಬಂದು ಕೂರುತ್ತಾರೆ, ಕೂತವರ ಕಣ್ಣು ಸುತ್ತಲೂ ಇರುತ್ತದೆ ಎಂಬುದು ಅದಕ್ಕೆ ಆ ಸಂಶೋಧಕರು ಕೊಟ್ಟ ಒಂದು ವಿವರಣೆ. ನಮ್ಮ ಅರಳಿಕಟ್ಟೆಯ ಮೇಲೂ ನಡೆಯುವುದು ಇದೇ ಅಲ್ಲವೆ?

ಪೊದೆಗಳು ಬೇಕು. ಚಿಟ್ಟೆಗಳಿಗೆ, ಸೂರಕ್ಕಿ, ಪಿಕಳಾರಗಳಿಗೆ ಅವೇ ಮನೆ. ಅವು ದಾರಿಯಿಂದ ದೂರವಿದ್ದರೆ ಸಾಕು.

ಯಾವ ಗಿಡ ಎಲ್ಲಿ?

ನಡೆಯುವ ದಾರಿಯ ಎರಡೂ ಬದಿಯಲ್ಲಿ ಆರರಿಂದ ಹತ್ತು ಅಡಿಯವರೆಗೆ ಹುಲ್ಲು ಅಥವಾ ಮಂಡಿಯೆತ್ತರ ಮೀರದ ಹೂಗಿಡಗಳಿರಲಿ. ನಿತ್ಯಪುಷ್ಪ, ಚೆಂಡುಹೂ, ಕನಕಾಂಬರ ಆಗಬಹುದು. ದಾಸವಾಳ, ಕಾಗದದ ಹೂವಿನಂಥ ಎತ್ತರಕ್ಕೆ ಬೆಳೆಯುವ ಗಿಡಗಳು ಅದರಾಚೆ, ಗುಂಪು ಗುಂಪಾಗಿ, ನಡುನಡುವೆ ಕಣ್ಣಾಡುವಷ್ಟು ಜಾಗ ಬಿಟ್ಟು ಇರಲಿ. ದಾರಿ ತಿರುಗುವ ಕಡೆ ಒಳಮೂಲೆಯಲ್ಲಿ ಪೊದೆ ಬೇಡವೇ ಬೇಡ. ತಿರುವಿನಾಚೆ ಯಾರಿದ್ದಾರೆಂದು ತಿರುಗುವ ಮುಂಚೆಯೇ ತಿಳಿಯಬೇಕು.

ಮರಗಳಲ್ಲಿ ಹೊಂಗೆ, ಬೇವು, ನೇರಳೆ, ಸಂಪಿಗೆ, ಹೊಳೆದಾಸವಾಳ, ಆಕಾಶಮಲ್ಲಿಗೆಗಳನ್ನು ಎಳೆಯದರಲ್ಲಿಯೇ ಕೆಳಗಿನ ಕೊಂಬೆ ಸವರಿ ಎತ್ತರಕ್ಕೆ ಬೆಳೆಸಬಹುದು. ಸವರುವಾಗ ಒಂದೇ ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನೆಲದವರೆಗೆ ಇಳಿಬೀಳುವ ಅಶೋಕದ ಸಾಲನ್ನು ದಾರಿಗೆ ಒತ್ತಿ ನೆಡುವುದು ಸರಿಯಲ್ಲ.

ಬೆಂಚನ್ನು ಮರದ ಕಾಂಡಕ್ಕೋ ತಗ್ಗುಗೋಡೆಗೋ ಬೆನ್ನು ಮಾಡಿ, ದಾರಿಗೆ ಮುಖ ಮಾಡಿ ಇಡಬೇಕು. ಪೊದೆಗೆ ಬೆನ್ನು ಕೊಟ್ಟ ಬೆಂಚಿನಲ್ಲಿ ಯಾರೂ ನೆಮ್ಮದಿಯಿಂದ ಕೂರರು. ಕಾಂಪೌಂಡಿಗೆ ಇಟ್ಟಿಗೆ ಗೋಡೆಯ ಬದಲು ಕಂಬಿಯ ಬೇಲಿ ಇದ್ದರೆ ಎದುರು ಮನೆಯವರ ಕಣ್ಣೂ ಉದ್ಯಾನದ ಮೇಲಿರುತ್ತದೆ. ಇನ್ನೊಂದು ತುದಿಯಲ್ಲಿ ಎರಡನೆಯ ಗೇಟು ಇರಲಿ.

ಮಕ್ಕಳ ಆಟದ ಜಾಗದ ಹತ್ತಿರ ಕಣಗಿಲೆ ಬೇಡ, ಅದರ ಎಲ್ಲ ಭಾಗಗಳೂ ವಿಷ. ಡುರಾಂಟದ ಹಳದಿ ಹಣ್ಣುಗಳೂ ತಿನ್ನುವಂಥವಲ್ಲ. ನೋಡಲು ಅಂದವಾಗಿರುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಸಂಭವವಿದೆ.

ಕತ್ತಲು, ದೀಪ ಮತ್ತು ಕಣ್ಣು

"ದೀಪ ಹಾಕಿಸಿದ್ದೇವಲ್ಲ!" ಎಂದು ಹೇಳುವುದುಂಟು. ಎತ್ತರದ ಕಂಬದ ದೀಪ ಮರದ ನೆತ್ತಿಯನ್ನು ಬೆಳಗಿ, ಕೆಳಗೆ ದಾರಿಯನ್ನು ಇನ್ನಷ್ಟು ಕತ್ತಲು ಮಾಡಿರುವುದನ್ನು ನೀವೂ ನೋಡಿರಬಹುದು. ದೀಪ ಕೊಂಬೆಗಳಿಗಿಂತ ಕೆಳಗಿರಬೇಕು ಅಥವಾ ಮರದಿಂದ ದೂರವಿರಬೇಕು. ಒಂದೆಡೆ ಕಣ್ಣು ಕುಕ್ಕುವ ಬೆಳಕು, ಪಕ್ಕದಲ್ಲೇ ಗಾಢ ನೆರಳು ಇರುವುದಕ್ಕಿಂತ ಎಲ್ಲೆಡೆ ಸಮನಾದ ಮಂದ ಬೆಳಕು ಲೇಸು. ಬೆಳಕಿನಿಂದ ಕತ್ತಲೆಗೆ ಹೋದಾಗ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ವಯಸ್ಸಾದಂತೆ ಪಾಪೆ ಕಿರಿದಾಗಿ, ಮಸೂರ ಮಬ್ಬಾಗಿ, ಅರವತ್ತರವರ ಅಕ್ಷಿಪಟಲಕ್ಕೆ ಇಪ್ಪತ್ತರವರಿಗೆ ಸಿಗುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ತಲುಪುತ್ತದೆ. ಮಗನಿಗೆ ಸಾಕಾದ ಬೆಳಕು ಅಪ್ಪನಿಗೆ ಸಾಲದು. ಎದುರಿಗೆ ಬರುವವರ ಮುಖ ಮೂವತ್ತು ನಲವತ್ತು ಅಡಿ ದೂರದಿಂದ ಗುರುತು ಸಿಗುವಂತಿದ್ದರೆ ಬೆಳಕು ಸಾಕೆಂದು ತಿಳಿಯಬಹುದು.

ಹಾವಿನ ಭಯ

ನಮ್ಮ ಕಡೆಯ ಬಡಾವಣೆಗಳಿಗೆ ಹೊಲಗಳು ತಾಗಿಕೊಂಡಿವೆ. ಆದ್ದರಿಂದ ಪೊದೆಯ ಭಯವೆಂದರೆ ಕಳ್ಳರ ಭಯ ಮಾತ್ರವಲ್ಲ, ಹಾವಿನ ಭಯವೂ ಹೌದು. ಅದು ಕಲ್ಪನೆಯಲ್ಲ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿತದಿಂದ ಸತ್ತಿದ್ದಾರೆಂದು ಅಂದಾಜು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇಲಿಗಳಿದ್ದಲ್ಲಿ ಹಾವು ಬರುತ್ತದೆ, ಕಸವಿದ್ದಲ್ಲಿ ಇಲಿ ಬರುತ್ತದೆ. ಪೊದೆಯ ಬುಡದಲ್ಲಿ ತಿಂಡಿ ಪೊಟ್ಟಣ, ಅಡುಗೆಮನೆ ಕಸ ಬೀಳದಂತೆ ನೋಡಿಕೊಂಡರೆ ಅರ್ಧ ಕೆಲಸವಾದಂತೆ. ಸಂಜೆ ನಡೆಯುವವರು ಚಪ್ಪಲಿಗಿಂತ ಬೂಟು ಹಾಕಿ, ಕೈಯಲ್ಲಿ ಟಾರ್ಚು ಹಿಡಿಯಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಗಿಡ ಸವರಿದರೆ ಎಲ್ಲವೂ ಸರಿಹೋಗುವುದೆ?

ಇಲ್ಲ. ಭಯವೂ ಅಪಾಯವೂ ಯಾವಾಗಲೂ ಒಂದೇ ಕಡೆ ಇರುವುದಿಲ್ಲ. ಭಯವೆನಿಸುವ ಜಾಗದಲ್ಲಿ ಏನೂ ಆಗದಿರಬಹುದು, ನಿರ್ಭಯವೆನಿಸುವಲ್ಲಿ ಸರಗಳ್ಳತನವಾಗಬಹುದು. ಹೆಣ್ಣುಮಕ್ಕಳನ್ನು ಚುಡಾಯಿಸುವವನ ನಡತೆಯನ್ನು ಯಾವ ತೋಟಗಾರನ ಕತ್ತರಿಯೂ ತಿದ್ದಲಾರದು, ಅದಕ್ಕೆ ಮನೆಯ ಸಂಸ್ಕಾರ, ಪೊಲೀಸರ ಗಸ್ತು ಬೇಕು. ತುರ್ತು ನೆರವಿಗೆ 112 ಸಂಖ್ಯೆಯಿದೆ. ಆದರೆ ತೆರೆದ ನೋಟವಿದ್ದರೆ ಹೆಚ್ಚು ಜನ ಬರುತ್ತಾರೆ, ಹೆಚ್ಚು ಜನ ಬಂದರೆ ಧೈರ್ಯ ಹೆಚ್ಚುತ್ತದೆ. "ಕತ್ತಲಾದ ಮೇಲೆ ಹೊರಗೆ ಹೋಗಬೇಡ" ಎಂದು ಮಗಳನ್ನು ತಡೆಯುವುದಕ್ಕಿಂತ ಬೇಲಿಯನ್ನು ತಗ್ಗಿಸುವುದು ನ್ಯಾಯವಾದ ದಾರಿ.

ನೀವು ಮಾಡಬಹುದಾದದ್ದು

ಕೆನಡಾದ ಟೊರಾಂಟೊ ನಗರದಲ್ಲಿ 1989ರಲ್ಲಿ ಮಹಿಳಾ ಸಂಘಟನೆಯೊಂದು ಒಂದು ಸರಳ ಕ್ರಮವನ್ನು ರೂಪಿಸಿತು. ಹೆಂಗಸರೇ ಗುಂಪಾಗಿ ನಡೆದು, ಎಲ್ಲಿ ಭಯವೆನಿಸುತ್ತದೆ, ಏಕೆ ಎನಿಸುತ್ತದೆ ಎಂದು ಬರೆದುಕೊಳ್ಳುವುದು. ದೆಹಲಿಯಲ್ಲಿ 'ಜಾಗೋರಿ' ಸಂಸ್ಥೆಯೂ ಇಂಥ ನಡಿಗೆಗಳನ್ನು ನಡೆಸಿತು. ಇದೇ ಆಲೋಚನೆಯಿಂದ 2013ರಲ್ಲಿ 'ಸೇಫ್ಟಿಪಿನ್' ಎಂಬ ಮೊಬೈಲ್ ಆಪ್ ಹುಟ್ಟಿತು. ನಿಮಗೆ ಒಂದು ನೋಟುಪುಸ್ತಕವೇ ಸಾಕು.

ಈ ವಾರ ಒಂದು ಸಂಜೆ, ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ನಾಲ್ಕೈದು ಮನೆಯವರು ಒಟ್ಟಿಗೆ ಉದ್ಯಾನವನ್ನು ಸುತ್ತಿ. ಅತ್ತೆ, ಸೊಸೆ, ಹೈಸ್ಕೂಲಿಗೆ ಹೋಗುವ ಮಗಳು, ಊರುಗೋಲು ಹಿಡಿದ ತಾತ ಎಲ್ಲರೂ ಇರಲಿ. ಏಕೆಂದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಕಾಣುತ್ತದೆ. ಪ್ರತಿ ತಿರುವಿನಲ್ಲೂ ನಿಂತು ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಎಲ್ಲಿ "ಒಂಥರಾ" ಎನಿಸಿತೋ ಅಲ್ಲಿ ಯಾವ ಗಿಡ, ಎಷ್ಟು ಎತ್ತರ, ದೀಪ ಎಷ್ಟು ದೂರ ಎಂದು ಬರೆದುಕೊಳ್ಳಿ.

ಪಟ್ಟಿಯನ್ನು ನಗರಸಭೆ ಅಥವಾ ಪುರಸಭೆಯ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ. ಉದ್ಯಾನಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯಿದೆಯಿದೆ. "ಉದ್ಯಾನ ಸರಿಪಡಿಸಿ" ಎಂದು ಬರೆಯುವುದಕ್ಕಿಂತ "ಹಿಂದಿನ ತಿರುವಿನ ಡುರಾಂಟ ಬೇಲಿಯನ್ನು ಎರಡು ಅಡಿಗೆ ತಗ್ಗಿಸಿ, ಮೂರನೆಯ ದೀಪಕ್ಕೆ ಅಡ್ಡವಿರುವ ಹೊಂಗೆಯ ಕೊಂಬೆ ಸವರಿಸಿ" ಎಂದು ಬರೆದರೆ ಕೆಲಸವಾಗುವ ಸಂಭವ ಹೆಚ್ಚು. ನೀವೇ ಮಚ್ಚು ಹಿಡಿದು ಮರಕ್ಕೆ ಕೈ ಹಾಕಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬೇಲಿ ಮಳೆಗಾಲದಲ್ಲಿ ಬೇಗ ಚಿಗುರುತ್ತದೆ. ಒಮ್ಮೆ ಸವರಿಸಿ ಮರೆಯದೆ, ಮಳೆಗಾಲ ಮುಗಿದ ಮೇಲೆ ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಸವರಿಸಿ. ಸಂಜೆ ಬೇಗ ಕತ್ತಲಾಗುವ ತಿಂಗಳುಗಳು ಶುರುವಾಗುವುದು ಆಗಲೇ.

ಅಲ್ಲಿಯವರೆಗೆ ನಡಿಗೆ ನಿಲ್ಲಿಸಬೇಡಿ. ಅಕ್ಕಪಕ್ಕದ ಮನೆಯವರು ಇಬ್ಬರು ಮೂವರು ಒಂದೇ ಹೊತ್ತಿಗೆ ಹೊರಡಿ, ತೆರೆದಿರುವ ಭಾಗದಲ್ಲೇ ಸುತ್ತು ಹಾಕಿ. ವೈದ್ಯರು ಹೇಳಿದ ಅರ್ಧ ಗಂಟೆ ನಿಮ್ಮ ಹಕ್ಕು. ಅದನ್ನು ಒಂದು ಪೊದೆಗೆ ಬಿಟ್ಟುಕೊಡುವುದು ಬೇಡ.